ಎಂಬತ್ತು ಗ್ರಾಂ ಎಂಜಿನ್

ನನ್ನ ಮೇಜಿನ ಮೇಲೆ ಎರಡು ಪುಟ್ಟ ರೈಲು ಎಂಜಿನ್ ಇವೆ. ಎರಡೂ ಒಂದೇ ಡೀಸೆಲ್ ಎಂಜಿನ್ನಿನ ಮಾದರಿ, ಅಳತೆಯೂ ಒಂದೇ. ಆದರೆ ಒಂದರ ಬೆಲೆ ಇನ್ನೊಂದರ ಮೂರು ಪಟ್ಟು. ದುಬಾರಿ ಎಂಜಿನ್ನಿನ ಹೊಟ್ಟೆಯೊಳಗೆ ಗುಡುಗುಡು ಸದ್ದು ಮಾಡುವ ಸ್ಪೀಕರ್ ಇದೆ. ಮೈಮೇಲೆ ಕೂದಲೆಳೆಯಷ್ಟು ಸಣ್ಣ ಹಿಡಿಕಂಬಿಗಳಿವೆ, ಭೂತಗನ್ನಡಿ ಹಿಡಿದರೆ ಓದಬಹುದಾದ ಅಕ್ಷರಗಳಿವೆ. ಅಗ್ಗದ ಎಂಜಿನ್ನಿನಲ್ಲಿ ಹಿಡಿಕಂಬಿಗಳು ಪ್ಲಾಸ್ಟಿಕ್ ಮೈಯ ಜೊತೆಗೇ ಅಚ್ಚಿನಲ್ಲಿ ಮೂಡಿದ ಗೆರೆಗಳು, ಅಷ್ಟೇ.

ಒಂದು ದಿನ ಸುಮ್ನೆ ಎರಡಕ್ಕೂ ಒಂದೇ ಪರೀಕ್ಷೆ ಇಟ್ಟೆ. ನೂರು ಸೆಂಟಿಮೀಟರಿಗೆ ಎರಡು ಸೆಂಟಿಮೀಟರ್ ಏರುವ ಹಳಿ, ಹಿಂದೆ ಹದಿನಾಲ್ಕು ವ್ಯಾಗನ್. ಅಗ್ಗದ್ದು ಉಸ್ಸೆನ್ನುತ್ತಾ ಹತ್ತಿತು. ದುಬಾರಿಯದು ಅರ್ಧ ದಾರಿಯಲ್ಲಿ ನಿಂತಿತು. ಗಾಲಿಗಳೇನೋ ಗಿರ್ರನೆ ತಿರುಗುತ್ತಿದ್ದವು, ಸ್ಪೀಕರ್ ಭರ್ಜರಿಯಾಗಿ ಗುಡುಗುತ್ತಿತ್ತು, ರೈಲು ಮಾತ್ರ ಕದಲಲಿಲ್ಲ. ಕಾಸಿಗೆ ತಕ್ಕ ಕಜ್ಜಾಯ ಅಂತಾರಲ್ವಾ, ಇಲ್ಲಿ ಯಾಕೆ ಹೀಗೆ?

ಉತ್ತರ ಸಿಕ್ಕಿದ್ದು ತಕ್ಕಡಿಯಲ್ಲಿ. ಅಗ್ಗದ ಎಂಜಿನ್ 80 ಗ್ರಾಂ ತೂಗಿತು, ದುಬಾರಿಯದು 66.

ಇವೆರಡೂ ಎನ್ ಅಳತೆಯವು. ನಿಜವಾದ ರೈಲಿನ 160ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 9 ಮಿಲಿಮೀಟರ್, ‘ನೈನ್’ ಎಂಬುದರ ಮೊದಲಕ್ಷರವೇ ಈ ಎನ್. ಉದ್ದವನ್ನು 160ರಿಂದ ಭಾಗಿಸಿದರೆ ಅಗಲ, ಎತ್ತರಗಳನ್ನೂ 160ರಿಂದ ಭಾಗಿಸಬೇಕು. ಹಾಗಾಗಿ ತೂಕ 160ರಿಂದ ಮೂರು ಸಲ ಭಾಗವಾಗುತ್ತದೆ. ಅಂದರೆ ಸುಮಾರು 41 ಲಕ್ಷದಲ್ಲಿ ಒಂದು ಪಾಲು. 120 ಟನ್ನಿನ ನಿಜವಾದ ಎಂಜಿನ್ ಲೆಕ್ಕದ ಪ್ರಕಾರ ಕುಗ್ಗಿದರೆ ಉಳಿಯುವುದು ಬರೀ 29 ಗ್ರಾಂ. ಎಚ್‌ಓ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲಿನಲ್ಲಿ, ಅದೇ ಎಂಜಿನ್ 182 ಗ್ರಾಂ ಆಗುತ್ತದೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ ತಂದ ಝಡ್ ಅಳತೆಯಲ್ಲಿ, 220ರಲ್ಲಿ ಒಂದು ಪಾಲಿನಲ್ಲಿ, 11 ಗ್ರಾಂ! ಹೊಟ್ಟೆಯೊಳಗೆ ಸಾಧ್ಯವಾದ ಕಡೆಯಲ್ಲೆಲ್ಲ ಲೋಹ ತುಂಬಿರುವುದರಿಂದಲೇ ನನ್ನ ಎಂಜಿನ್ 80 ಗ್ರಾಂ ಮುಟ್ಟಿದೆ.

ಎಂಜಿನ್ ಎಷ್ಟು ಎಳೆಯುತ್ತದೆ ಎನ್ನುವುದು ಮೋಟರಿನ ಕೈಯಲ್ಲಿಲ್ಲ, ಈ ತೂಕದ ಕೈಯಲ್ಲಿದೆ. ಲೋಹದ ಗಾಲಿ ಲೋಹದ ಹಳಿಯ ಮೇಲೆ ಜಾರದೆ ನಿಂತು ಎಳೆಯಬಲ್ಲದ್ದು ತನ್ನ ಮೇಲಿರುವ ಭಾರದ ಹೆಚ್ಚುಕಡಿಮೆ ಐದನೇ ಒಂದು ಪಾಲನ್ನು. 80 ಗ್ರಾಂ ಎಂಜಿನ್ನಿಗೆ 16 ಗ್ರಾಂ ಎಳೆತ. ಒಂದೊಂದು ವ್ಯಾಗನ್ 25 ಗ್ರಾಂ ಇದೆ, ಅದು ಉರುಳುವಾಗ ತನ್ನ ತೂಕದ ನೂರಕ್ಕೆ ಎರಡೂವರೆಯಷ್ಟು ತಡೆ ಒಡ್ಡುತ್ತದೆ ಅಂತ ಇಟ್ಟುಕೊಳ್ಳಿ. ಸಮತಟ್ಟು ಹಳಿಯಲ್ಲಿ 25 ವ್ಯಾಗನ್ ಎಳೆಯಬಹುದು. ನೂರಕ್ಕೆ ಎರಡರ ಏರು ಬಂದ ಕೂಡಲೇ ಪ್ರತಿ ವ್ಯಾಗನ್ನೂ ಅರ್ಧ ಗ್ರಾಂನಷ್ಟು ಹಿಂದಕ್ಕೆ ಜಗ್ಗುತ್ತದೆ, ಎಂಜಿನ್ ತನ್ನ ಮೈಯನ್ನೂ ತಾನೇ ಎಳೆದುಕೊಳ್ಳಬೇಕು. ಲೆಕ್ಕ ಹಾಕಿದರೆ ಉಳಿಯುವುದು 12 ವ್ಯಾಗನ್. ನೋಡಿದರೆ ಏರು ಅಂತಲೇ ಅನ್ನಿಸದ ಏರು ಅರ್ಧಕ್ಕರ್ಧ ಬಲ ತಿಂದುಬಿಡುತ್ತದೆ. 66 ಗ್ರಾಂನ ಎಂಜಿನ್ನಿಗೆ ಇದೇ ಲೆಕ್ಕದಲ್ಲಿ ಹತ್ತೇ ವ್ಯಾಗನ್.

ಹಾಗಾದರೆ ಅಗ್ಗದ್ದು ಹದಿನಾಲ್ಕು ವ್ಯಾಗನ್ ಹೇಗೆ ಎಳೆಯಿತು? ತಿರುಗಿಸಿ ನೋಡಿದೆ. ಎರಡು ಗಾಲಿಗಳ ಅಂಚಿಗೆ ಸಣ್ಣ ರಬ್ಬರ್ ಬಳೆ ತೊಡಿಸಿದ್ದರು. ಬಿಡಿಭಾಗವಾಗಿ ಇದಕ್ಕಿಂತ ಅಗ್ಗದ್ದು ಎಂಜಿನ್ನಿನಲ್ಲಿ ಬೇರೆ ಇಲ್ಲವೇನೋ. ಆದರೆ ಹಿಡಿತದ ಮಟ್ಟಿಗೆ ಇಷ್ಟು ಕೆಲಸ ಮಾಡುವುದು ಬೇರೊಂದಿಲ್ಲ.

ಇನ್ನು ದುಬಾರಿಯದರ 14 ಗ್ರಾಂ ಎಲ್ಲಿ ಹೋಯಿತು? ಸ್ಪೀಕರ್ ಕೂರಿಸಲು, ಡಿಜಿಟಲ್ ಚಿಪ್ ಕೂರಿಸಲು ಲೋಹದ ಚೌಕಟ್ಟನ್ನೇ ಕೆತ್ತಿ ಜಾಗ ಮಾಡಿದ್ದಾರೆ. ಬೆರಳಿಗಿಂತ ಸ್ವಲ್ಪ ಉದ್ದದ ಡಬ್ಬಿಯೊಳಗೆ ಒಂದು ಬರಬೇಕಾದರೆ ಇನ್ನೊಂದು ಹೋಗಲೇಬೇಕಲ್ಲ. ನಾನು ಜಾಸ್ತಿ ದುಡ್ಡು ಕೊಟ್ಟು ತೂಕ ಕಡಿಮೆ ಮಾಡಿಸಿಕೊಂಡಿದ್ದೆ!

ಮೋಟರಿನ ಕೈಯಲ್ಲಿಲ್ಲ ಎಂದೆನಲ್ಲ, ಅದನ್ನೂ ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 100 ಕಿಲೋಮೀಟರ್ ವೇಗ ಎನ್ ಅಳತೆಯಲ್ಲಿ ಸೆಕೆಂಡಿಗೆ 17 ಸೆಂಟಿಮೀಟರ್ ಚಿಲ್ಲರೆ ಆಗುತ್ತದೆ. ಆ ವೇಗದಲ್ಲಿ 16 ಗ್ರಾಂ ಬಲದಿಂದ ಎಳೆಯಲು ಬೇಕಾದ ಶಕ್ತಿ ಒಂದು ವ್ಯಾಟಿನ ಸಾವಿರದಲ್ಲಿ 27 ಪಾಲು. ಇಷ್ಟನ್ನು ಕೊಡಲಾರದ ಮೋಟರ್ ಯಾವುದೂ ಇಲ್ಲ. ಮೋಟರ್ ತಿನ್ನುವ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಗೇರುಗಳ ತಿಕ್ಕಾಟಕ್ಕೆ, ಬಿಸಿಗೆ ಹೋಗುತ್ತದೆ. ‘ಬಲಶಾಲಿ ಮೋಟರ್’ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಅದನ್ನು ಓದಿ ನಗಬಹುದು, ದುಡ್ಡು ಕೊಡಬೇಕಾಗಿಲ್ಲ.

ಇಷ್ಟು ಹೇಳಿ ದುಬಾರಿ ಎಂಜಿನ್ನಿಗೆ ಅನ್ಯಾಯ ಮಾಡುತ್ತಿದ್ದೇನೆ. ಅದರ ನಿಜವಾದ ಚಂದ ಕಾಣುವುದು ತೆವಳುವಾಗ. ಗಂಟೆಗೆ 5 ಕಿಲೋಮೀಟರ್ ಅಂದರೆ ಮನುಷ್ಯ ನಡೆಯುವ ವೇಗ. ಮಾದರಿಯಲ್ಲಿ ಅದು ಸೆಕೆಂಡಿಗೆ 9 ಮಿಲಿಮೀಟರಿಗಿಂತ ಕಡಿಮೆ. ದುಬಾರಿಯದು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೊರಟು, ವ್ಯಾಗನ್ನಿನ ಕೊಂಡಿಗೆ ಮೆಲ್ಲಗೆ ತಾಗಿ ನಿಲ್ಲುತ್ತದೆ. ಅಗ್ಗದ್ದು ಮೊದಲು ಸುಮ್ಮನೆ ನಿಂತಿರುತ್ತದೆ, ಆಮೇಲೆ ಗಕ್ಕನೆ ಎಗರುತ್ತದೆ.

ಯಾಕೆ ಎಂದು ತಿಳಿಯಲು ಮೋಟರಿನ ಒಳಗೆ ಇಣುಕಬೇಕು. ಗಾಲಿಯ ಅಡ್ಡಳತೆ 6.4 ಮಿಲಿಮೀಟರ್, ಗೇರುಗಳು 20ಕ್ಕೆ 1 ಎಂದಿಟ್ಟುಕೊಂಡರೆ, ಪೂರ್ತಿ ವೇಗದಲ್ಲಿ ಮೋಟರ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟುತ್ತದೆ. ತೆವಳುವಾಗ ಸೆಕೆಂಡಿಗೆ ಎಂಟೊಂಬತ್ತು ಸುತ್ತು ಮಾತ್ರ. ಸಾಮಾನ್ಯ ಮೋಟರಿನ ತಿರುಗುವ ಭಾಗದಲ್ಲಿ ತಂತಿ ಸುತ್ತಿದ ಕಬ್ಬಿಣದ ಮೂರು ತೋಳುಗಳಿರುತ್ತವೆ. ಪಕ್ಕದ ಅಯಸ್ಕಾಂತಕ್ಕೆ ಕಬ್ಬಿಣವೆಂದರೆ ಪ್ರೀತಿ. ವಿದ್ಯುತ್ ಇರಲಿ ಬಿಡಲಿ, ಪ್ರತಿ ತೋಳನ್ನೂ ಹಿಡಿದುಕೊಳ್ಳಲು ನೋಡುತ್ತದೆ. ಹಾಗಾಗಿ ಒಂದು ಸುತ್ತಿನಲ್ಲಿ ಆರು ಸಲ ಮೋಟರ್ ತಡವರಿಸುತ್ತದೆ. ಜೋರಾಗಿ ತಿರುಗುವಾಗ ಇದು ಗೊತ್ತಾಗುವುದಿಲ್ಲ, ನಿಧಾನಕ್ಕೆ ಬಂದಾಗ ಒಂದೊಂದು ತಡವರಿಕೆಯೂ ಕಣ್ಣಿಗೆ ಬೀಳುತ್ತದೆ. ಐದು ತೋಳಿನ ಮೋಟರಿನಲ್ಲಿ ತಡೆಗಳು ಹತ್ತು, ಆದರೆ ಒಂದೊಂದೂ ಸಣ್ಣದು. ತೋಳುಗಳನ್ನು ಸ್ವಲ್ಪ ಓರೆಯಾಗಿ ಮಾಡಿದರೆ ಇನ್ನೂ ಸಣ್ಣದು. ಕೋರ್‌ಲೆಸ್ ಮೋಟರಿನಲ್ಲಿ ಕಬ್ಬಿಣದ ತೋಳುಗಳೇ ಇಲ್ಲ. ತಂತಿಯನ್ನೇ ಬುಟ್ಟಿ ಹೆಣೆದ ಹಾಗೆ ಹೆಣೆದು ತಿರುಗಿಸುತ್ತಾರೆ. ಹಿಡಿದುಕೊಳ್ಳಲು ಏನೂ ಇಲ್ಲದ ಮೇಲೆ ತಡವರಿಕೆ ಎಲ್ಲಿಂದ ಬರಬೇಕು? ದುಬಾರಿ ಎಂಜಿನ್ನಿನಲ್ಲಿ ಇರುವುದು ಇದೇ. ಇದಕ್ಕೊಂದು ಕಿರಿಕಿರಿಯೂ ಇದೆ. ವಿದ್ಯುತ್ತನ್ನು ದೊಡ್ಡ ದೊಡ್ಡ ತುಣುಕಾಗಿ ಬಡಿದು ಕಳಿಸುವ ಹಳೇ ಕಾಲದ ನಿಯಂತ್ರಕಗಳಿಗೆ ಜೋಡಿಸಿದರೆ ಕೋರ್‌ಲೆಸ್ ಮೋಟರ್ ಬಿಸಿಯಾಗಿ ಸುಟ್ಟೇ ಹೋಗಬಹುದು. ಎಂಜಿನ್ನಿನ ಬೆಲೆಗೆ ಹೊಸ ನಿಯಂತ್ರಕದ ಬೆಲೆಯನ್ನೂ ಕೂಡಿಸಿಕೊಳ್ಳಬೇಕಾಗುತ್ತದೆ.

ನಯವಾದ ಓಟಕ್ಕೆ ಇನ್ನೊಂದು ಹಳೆಯ ಉಪಾಯ ಫ್ಲೈವ್ಹೀಲ್, ಮೋಟರಿನ ದಂಡಕ್ಕೆ ಸಿಕ್ಕಿಸಿದ ಭಾರದ ಹಿತ್ತಾಳೆ ಬಿಲ್ಲೆ. ವಿದ್ಯುತ್ ಕ್ಷಣ ತಪ್ಪಿದರೂ ತಿರುಗುತ್ತಲೇ ಇರುತ್ತದೆ. ಆದರೆ ಸಣ್ಣ ಅಳತೆಯಲ್ಲಿ ಇದರ ಕಥೆ ದುಃಖದ್ದು. ಬಿಲ್ಲೆಯ ಅಡ್ಡಳತೆ ಅರ್ಧವಾದರೆ, ದಪ್ಪ ಅಷ್ಟೇ ಇದ್ದರೂ, ತಿರುಗುತ್ತಲೇ ಇರುವ ಅದರ ಹಟ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಪ್ಪವೂ ಅರ್ಧವಾದರೆ ಮೂವತ್ತೆರಡರಲ್ಲಿ ಒಂದು. ದೊಡ್ಡ ಮಾದರಿಯಲ್ಲಿ ಒಂದು ಗೇಣು ದೂರ ತೇಲಿಸಿಕೊಂಡು ಹೋಗುವ ಫ್ಲೈವ್ಹೀಲ್ ಇಲ್ಲಿ ಬೆರಳಗಲವೂ ಕೊಂಡೊಯ್ಯದೆ ಇರಬಹುದು.

ವಿದ್ಯುತ್ ಕ್ಷಣ ತಪ್ಪುವುದು ಅಪರೂಪವೇನಲ್ಲ. ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟರಿಗೆ ವಿದ್ಯುತ್ ಬರಬೇಕು. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಅನ್ನುತ್ತಾರೆ. ಇಲ್ಲಿ ಇರುವೆಗೆ ಭಾರ ಸಾಲುವುದೇ ಇಲ್ಲ. ನಿಜವಾದ 120 ಟನ್ ಎಂಜಿನ್ನಿನ ಹನ್ನೆರಡು ಗಾಲಿಗಳಲ್ಲಿ ಒಂದೊಂದೂ 10 ಟನ್ ಒತ್ತುತ್ತದೆ. ನನ್ನ ಮಾದರಿಯ ಒಂದು ಗಾಲಿ ಒತ್ತುವುದು 7 ಗ್ರಾಂಗೂ ಕಡಿಮೆ. ದೂಳಿನ ಒಂದು ಪದರ, ಎಣ್ಣೆಯ ಒಂದು ಕಲೆ ಸಾಕು, ಸಂಪರ್ಕ ಹೋಯಿತು. ಎಷ್ಟು ಹೆಚ್ಚು ಗಾಲಿಗಳು ವಿದ್ಯುತ್ ಹೀರುತ್ತವೋ ಅಷ್ಟು ಒಳ್ಳೆಯದು. ಹಿಡಿತ ಕೊಟ್ಟ ಆ ರಬ್ಬರ್ ಬಳೆ ಇಲ್ಲಿ ಕೈಕೊಡುತ್ತದೆ. ರಬ್ಬರ್ ತೊಟ್ಟ ಗಾಲಿ ವಿದ್ಯುತ್ ಹೀರಲಾರದು, ಮೇಲಾಗಿ ಕೊಳೆಯನ್ನು ಹಳಿಯುದ್ದಕ್ಕೂ ಹಂಚಿಕೊಂಡು ಹೋಗುತ್ತದೆ. ಹನ್ನೆರಡು ಗಾಲಿಯ ಡೀಸೆಲ್ ಎಂಜಿನ್ನಿಗೆ ಎರಡು ಗಾಲಿ ಹೋದರೆ ನಷ್ಟವಿಲ್ಲ. ಪುಟಾಣಿ ನಾಲ್ಕು ಗಾಲಿಯ ಎಂಜಿನ್ನಿಗೆ ಅದು ಅರ್ಧ ಆಸ್ತಿ.

ಉಗಿ ಎಂಜಿನ್‌ಗಳು ಈ ಲೆಕ್ಕದಲ್ಲಿ ಯಾವಾಗಲೂ ದುಬಾರಿ. ಕಾಟೊ ಕಂಪನಿ 1965ರಲ್ಲಿ ತಂದ ಜಪಾನಿನ ಮೊದಲ ಎನ್ ಅಳತೆಯ ಎಂಜಿನ್, ಸಿ50, ಉಗಿಯದ್ದೇ ಆಗಿತ್ತು. ಆದರೆ ತೆಳ್ಳನೆ ಕೊಳವೆಯಂಥ ಮೈಯೊಳಗೆ ತೂಕ ತುಂಬಲು ಜಾಗವಿಲ್ಲ. ಹೊರಗೆ ಕುಣಿಯುವ ಸರಳುಗಳನ್ನೆಲ್ಲ ಜೋಡಿಸಬೇಕು. ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಆ ಸರಳುಗಳಿಗೇ ಹೋಗುತ್ತದೆ. ಅದೇ ದುಡ್ಡಿಗೆ ಡೀಸೆಲ್ ಎಂಜಿನ್ ಜಾಸ್ತಿ ಎಳೆಯುತ್ತದೆ, ಜಾಸ್ತಿ ನಂಬಿಕೆಯಿಂದ ಓಡುತ್ತದೆ. ಉಗಿಯ ಮೋಹ ಇರುವವರು ಇದನ್ನು ಕೇಳುವುದಿಲ್ಲ, ನಾನೂ ಕೇಳಿಲ್ಲ.

ಹಾಗಾದರೆ ಬೆಲೆ ಏರುವುದು ಯಾವುದಕ್ಕೆ? ಮುಖ್ಯವಾಗಿ ಕಣ್ಣಿಗೆ. ಪ್ಲಾಸ್ಟಿಕ್ ಮೈಗೆ ಬೇಕಾದ ಉಕ್ಕಿನ ಅಚ್ಚು ಮಾಡಿಸುವುದು ಬಹಳ ಖರ್ಚಿನ ಕೆಲಸ. ಸಾವಿರಾರು ಎಂಜಿನ್ ಮಾರಿದರೆ ಆ ಖರ್ಚು ಹಂಚಿಹೋಗುತ್ತದೆ, ಕೆಲವೇ ನೂರು ಮಾರಿದರೆ ಕೊಂಡವರ ತಲೆಗೇ ಬರುತ್ತದೆ. ಬಣ್ಣದ ಒಂದೊಂದು ಪಟ್ಟೆಗೂ ಬೇರೆ ಬೇರೆ ಮುದ್ರಣ, ಒಂದೊಂದು ಹಿಡಿಕಂಬಿಗೂ ಯಾರದೋ ಕೈಕೆಲಸ. ಅಗ್ಗದ ಆಟಿಕೆಯಿಂದ ಮಧ್ಯಮ ಬೆಲೆಗೆ ಹತ್ತಿದಾಗ ಓಟದಲ್ಲಿ ಭೂಮಿ ಆಕಾಶದ ವ್ಯತ್ಯಾಸ ಕಾಣುತ್ತದೆ. ಎಲ್ಲಾ ಗಾಲಿಗಳಿಂದ ವಿದ್ಯುತ್, ಐದು ತೋಳಿನ ಮೋಟರ್, ಲೋಹದ ಚೌಕಟ್ಟು ಬರುವುದು ಅಲ್ಲಿ. ಮಧ್ಯಮದಿಂದ ಮೇಲಕ್ಕೆ ಹತ್ತಿದಾಗ ಎಂಜಿನ್ ನಿಂತಾಗ ಹೇಗೆ ಕಾಣುತ್ತದೆ ಎನ್ನುವುದು ಬದಲಾಗುತ್ತದೆ, ಓಡುವ ರೀತಿ ಅಷ್ಟಾಗಿ ಬದಲಾಗುವುದಿಲ್ಲ. ಅದು ತಪ್ಪಲ್ಲ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತ ಗೊತ್ತಿದ್ದರೆ ಸಾಕು.

ಗೊತ್ತುಮಾಡಿಕೊಳ್ಳಲು ದೊಡ್ಡ ಉಪಕರಣ ಬೇಡ. ಎಂಜಿನ್ನಿಗೆ ದಾರ ಕಟ್ಟಿ, ಹಳಿಯ ಆಚೆ ತುದಿಯಲ್ಲಿ ಸಣ್ಣ ರಾಟೆಯ ಮೇಲಿಂದ ಇಳಿಬಿಡಿ. ದಾರದ ಕೊನೆಗೆ 100 ಗ್ರಾಂ ತೂಕ ಕಟ್ಟಿ ಡಿಜಿಟಲ್ ತಕ್ಕಡಿಯ ಮೇಲೆ ಕೂರಿಸಿ. ರಾಟೆಯಿಂದ ದೂರಕ್ಕೆ ಎಂಜಿನ್ ಓಡಿಸಿ, ಗಾಲಿ ಜಾರತೊಡಗಿದಾಗ ತಕ್ಕಡಿ ನೋಡಿ. 84 ಗ್ರಾಂ ತೋರಿಸಿದರೆ ಎಳೆತ 16 ಗ್ರಾಂ. ವೇಗಕ್ಕೆ ಒಂದು ಮೀಟರ್ ಹಳಿ, ಒಂದು ಸ್ಟಾಪ್‌ವಾಚ್. ಆ ಒಂದು ಮೀಟರನ್ನು ನಿಲ್ಲದೆ, ಎಗರದೆ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ದಾಟಿದರೆ ಅದು ಒಳ್ಳೆಯ ಎಂಜಿನ್, ಬೆಲೆ ಏನೇ ಇರಲಿ.

ಹಳೆಯ ಎಂಜಿನ್ ಕೊಳ್ಳುವವರು ಇನ್ನೆರಡು ಕಡೆ ಕಣ್ಣು ಹಾಯಿಸಬೇಕು. ಒಂದು, ಚೌಕಟ್ಟಿನ ಸತುವಿನ ಮಿಶ್ರಲೋಹ. ಅದರಲ್ಲಿ ಚೂರು ಸೀಸ ಬೆರೆತಿದ್ದರೂ ವರ್ಷಗಳ ನಂತರ ಒಳಗಿಂದಲೇ ಊದಿ, ಬಿರಿದು, ಪುಡಿಯಾಗುತ್ತದೆ. ಇದನ್ನು ತಪ್ಪಿಸಲೆಂದೇ ಬಹಳ ಶುದ್ಧ ಸತುವಿನಿಂದ ಮಾಡಿದ ಝಮಾಕ್ ಎಂಬ ಮಿಶ್ರಲೋಹ 1929ರಲ್ಲಿ ಬಂತು. ಆದರೆ ಕಾರ್ಖಾನೆಯಲ್ಲಿ ಎಚ್ಚರ ತಪ್ಪಿದಾಗ ರೋಗ ಈಗಲೂ ಮರಳುತ್ತದೆ. ಚೌಕಟ್ಟು ಬಾಗಿದಂತೆ ಕಂಡರೆ ಕೆಳಗಿಡಿ.

ಎರಡನೆಯದು ನನಗೇ ಆದದ್ದು. ಅಗ್ಗದ ಎಂಜಿನ್ ಒಂದು ದಿನ ಟಿಕ್, ಟಿಕ್ ಎನ್ನತೊಡಗಿತು. ಗಾಲಿ ಒಂದು ಸುತ್ತು ಬಂದಾಗಲೊಮ್ಮೆ ಟಿಕ್. ಬಿಚ್ಚಿ ಬೆಳಕಿಗೆ ಹಿಡಿದೆ. ಎರಡು ಗಾಲಿಗಳನ್ನು ಜೋಡಿಸುವ ದಂಡದ ಮೇಲೆ ಬಿಗಿಯಾಗಿ ಕೂರಿಸಿದ್ದ ಪ್ಲಾಸ್ಟಿಕ್ ಗೇರು ಎಳ್ಳಿನಷ್ಟು ಬಿರಿದಿತ್ತು. ಆ ಬಿರುಕು ಬಂದ ಕಡೆ ಎರಡು ಹಲ್ಲುಗಳ ನಡುವೆ ಸಂದು ಅಗಲವಾಗಿ, ಮುಂದಿನ ಗೇರು ಅಲ್ಲಿ ಎಡವುತ್ತಿತ್ತು. ಹೊಸ ಗೇರು ಹಾಕಲು ಅರ್ಧ ಗಂಟೆ ಹಿಡಿಯಿತು. ಹೇಗೂ ಬಿಚ್ಚಿದ್ದೇನಲ್ಲ ಅಂತ ಛಾವಣಿಯ ಒಳಗೆ ಖಾಲಿ ಇದ್ದ ಜಾಗಕ್ಕೆ ಟಂಗ್‌ಸ್ಟನ್ ಪುಡಿ ಕಲಸಿದ ಮೇಣದ ಉಂಡೆ ಒತ್ತಿದೆ. ಟಂಗ್‌ಸ್ಟನ್ ಸೀಸಕ್ಕಿಂತಲೂ ಒಂದೂವರೆ ಪಟ್ಟಿಗಿಂತ ಹೆಚ್ಚು ಸಾಂದ್ರ, ಚಿಟಿಕೆಯಷ್ಟಕ್ಕೇ ತಕ್ಕಡಿ ಏರುತ್ತದೆ. ಈಗ ಅದು 91 ಗ್ರಾಂ ತೂಗುತ್ತದೆ. ಹೊರಡುವಾಗ ಇನ್ನೂ ಎಗರುತ್ತದೆ.