ಕಾಂಟೆಸಾ, ಕಡಲ ಗಾಳಿ ಮತ್ತೆ ವಾಷಿಂಗ್ ಸೋಡಾ

ನಮ್ಮಲ್ಲಿ ಮಸಲ್ ಕಾರ್, ಅಂದ್ರೆ ದೊಡ್ಡ ಎಂಜಿನ್ ಇರೋ ಗಟ್ಟಿಮುಟ್ಟು ಕಾರ್, ಅಂತ ಮಾತು ಶುರುವಾದ್ರೆ ಸುತ್ತಿ ಬಳಸಿ ಹಿಂದೂಸ್ತಾನ್ ಕಾಂಟೆಸಾ ಹತ್ರಾನೇ ಬಂದು ನಿಲ್ಲುತ್ತೆ. ಉದ್ದ ಬಾನೆಟ್ಟು, ನಾಲ್ಕು ಹೆಡ್‌ಲೈಟು, ಗತ್ತಿಗೇನೂ ಕಮ್ಮಿ ಇಲ್ಲ. ಆದ್ರೆ 1964ರ ಅಮೆರಿಕದ ಪಾಂಟಿಯಾಕ್ ಜಿಟಿಒಗೆ 6.4 ಲೀಟರಿನ ವಿ8 ಎಂಜಿನ್, 325 ಹಾರ್ಸ್‌ಪವರ್, 1984ರ ಸುಮಾರಿಗೆ ಬಂದ ನಮ್ಮ ಕಾಂಟೆಸಾಗೆ ಅಂಬಾಸಿಡರಿನದ್ದೇ 1489 ಸಿಸಿ ಎಂಜಿನ್, ಹೆಚ್ಚೂಕಮ್ಮಿ 50 ಹಾರ್ಸ್‌ಪವರ್. ಮಸಲ್ ಏನಿದ್ರೂ ತಗಡಲ್ಲೇ. ಅದಕ್ಕೇ ಮುಂಬೈಲಿ ಕೂತು ಹಳೇ ಕಾಂಟೆಸಾ ಒಂದನ್ನ ತಗೊಂಡು ಮನೆ ಹತ್ರಾನೇ ರೆಡಿ ಮಾಡ್ತೀನಿ ಅನ್ನೋರಿಗೆ ನಾನು ಹೇಳೋದು, ಎಂಜಿನ್ ಚಿಂತೆ ಆಮೇಲೆ, ಬಿಡಿಭಾಗ ಮಾರೋ ಕುರ್ಲಾದ ಸಿಎಸ್‌ಟಿ ರೋಡಲ್ಲಿ ಹುಡುಕಿದ್ರೆ ಏನೋ ಒಂದು ಸಿಗುತ್ತೆ, ತಗಡನ್ನ ತುಕ್ಕು ತಿಂದು ಹಾಕಿದ್ರೆ ಮಾತ್ರ ಕಾರೇ ಹೋದ ಹಾಗೆ. ನೋಡೋಕೆ ಹೋಗುವಾಗ ಬಟ್ಟೆ ಸುತ್ತಿದ ಒಂದು ಮ್ಯಾಗ್ನೆಟ್ ಜೇಬಲ್ಲಿರಲಿ, ಅದು ಅಂಟದೆ ಜಾರಿದ ಕಡೆ ಒಳಗಿರೋದು ತೂತು ಮುಚ್ಚೋಕೆ ಮೆತ್ತಿದ ಬರೀ ಪುಟ್ಟಿ.

ಚೆಂಬೂರಲ್ಲಿರೋ ನಮ್ಮ ಭಾವ ಯಾವಾಗ್ಲೂ ಕೇಳ್ತಾರೆ, ಮಳೆಗಾಲ ಮುಗೀತು, ಕವರೂ ಹಾಕಿದೀನಿ, ಆದ್ರೂ ತುಕ್ಕು ಎಲ್ಲಿಂದ ಬರುತ್ತೆ ಮಾರಾಯ ಅಂತ. ಕಡಲ ಗಾಳಿಲಿ ಬರೋದು ಬರೀ ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ ಕ್ಲೋರೈಡೂ ಇರುತ್ತೆ. ಅಡುಗೆ ಉಪ್ಪು ತಾನಾಗೇ ನೀರು ಎಳ್ಕೊಂಡು ಕರಗೋಕೆ ಗಾಳಿಲಿ ಸುಮಾರು 75 ಪರ್ಸೆಂಟ್ ತೇವ ಬೇಕು, ಮೆಗ್ನೀಸಿಯಂ ಕ್ಲೋರೈಡಿಗೆ ಸುಮಾರು 33 ಸಾಕು. ಮುಂಬೈ ರಾತ್ರಿಲಿ ಹವೆ ಅಷ್ಟು ಒಣಗೋದು ಅಪರೂಪ, ಹಾಗಾಗಿ ಕಾರಿನ ಮೇಲೆ ಕೂತ ಉಪ್ಪಿನ ಧೂಳು ಒಂದು ಹನಿ ಮಳೆ ಇಲ್ದೇನೂ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಒದ್ದೆಯಾಗೇ ಇರುತ್ತೆ.

ಆ ಒದ್ದೆಯೇ ಸಾಕು, ಯಾಕಂದ್ರೆ ತುಕ್ಕು ಅಂದ್ರೆ ನಿಜಕ್ಕೂ ಒಂದು ಪುಟ್ಟ ಬ್ಯಾಟರಿ. ಕಬ್ಬಿಣ ಒಂದು ಕಡೆ ಎಲೆಕ್ಟ್ರಾನ್ ಬಿಟ್ಟು ಕರಗುತ್ತೆ, ಆ ಎಲೆಕ್ಟ್ರಾನು ತಗಡಿನೊಳಗೇ ಹರಿದು ಇನ್ನೊಂದು ಕಡೆ ಆಕ್ಸಿಜನ್ ಮತ್ತೆ ನೀರಿಗೆ ಸಿಗುತ್ತೆ, ಉಪ್ಪುನೀರು ಮಧ್ಯೆ ಸರ್ಕ್ಯೂಟ್ ಪೂರ್ತಿ ಮಾಡುತ್ತೆ. ಇಲ್ಲೊಂದು ತಮಾಷೆ ಇದೆ. ಕೇಂಬ್ರಿಡ್ಜಿನ ಯು.ಆರ್. ಇವಾನ್ಸ್ ಅನ್ನೋ ವಿಜ್ಞಾನಿ ಕಬ್ಬಿಣದ ಮೇಲೆ ಉಪ್ಪುನೀರಿನ ಒಂದು ಹನಿ ಇಟ್ಟು ಅದರಲ್ಲಿ ಬಣ್ಣ ಬದಲಿಸೋ ಕೆಮಿಕಲ್ ಬೆರೆಸಿ ನೋಡಿದ್ರು, ಗಾಳಿ ಚೆನ್ನಾಗಿ ತಾಗೋ ಅಂಚು ಗುಲಾಬಿಯಾಯ್ತು, ಗಾಳಿ ಕಮ್ಮಿ ಇರೋ ನಡುಭಾಗ ನೀಲಿಯಾಯ್ತು, ನೀಲಿ ಅಂದ್ರೆ ಕಬ್ಬಿಣ ಕರಗ್ತಿರೋ ಜಾಗ. ಅಂದ್ರೆ ಆಕ್ಸಿಜನ್ ಎಲ್ಲಿ ಕಮ್ಮಿಯೋ ಅಲ್ಲೇ ಲೋಹ ಸವೆಯೋದು! ಎರಡು ತಗಡು ಸೇರೋ ಸಂದಿ, ಮ್ಯಾಟ್ ಕೆಳಗೆ, ಪುಟ್ಟಿ ಹಿಂದೆ ಯಾಕೆ ಕಾರು ಕೊಳೆಯುತ್ತೆ, ಬಯಲಲ್ಲಿರೋ ಬಾನೆಟ್ ಯಾಕೆ ಉಳ್ಕೊಳ್ಳುತ್ತೆ ಅನ್ನೋದಕ್ಕೆ ಇದೇ ಉತ್ತರ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಗೊಳ್ಳೋದ್ರಿಂದ ಮೇಲಿನ ಪೇಂಟು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಗುಳ್ಳೆ ಏಳುತ್ತೆ, ಅಷ್ಟೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತೆ.

ಬ್ಯಾಟರಿ ಅಂದಮೇಲೆ ಉಲ್ಟಾ ಓಡಿಸೋಕೂ ಆಗ್ಬೇಕಲ್ಲ? ಆಗುತ್ತೆ. ಪ್ಲಾಸ್ಟಿಕ್ ಟಬ್ಬಲ್ಲಿ ನೀರು, ಲೀಟರಿಗೊಂದು ಚಮಚ ವಾಷಿಂಗ್ ಸೋಡಾ, ಒಂದು 12 ವೋಲ್ಟಿನ ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದ ಬ್ರಾಕೆಟ್ಟೋ ಕೀಲೋ ಮೈನಸ್ಸಿಗೆ, ಬೇಡದ ಒಂದು ಕಬ್ಬಿಣದ ಸರಳು ಪ್ಲಸ್ಸಿಗೆ, ಎರಡೂ ಒಂದಕ್ಕೊಂದು ತಾಗಬಾರದು. ಕೆಂಪು ತುಕ್ಕು ಕಪ್ಪಗಾಗಿ ಬ್ರಷ್ಷಿಗೆ ಉದುರುತ್ತೆ, ಗಟ್ಟಿ ಲೋಹ ಹಾಗೇ ಉಳಿಯುತ್ತೆ. ತೂತು ಬಿದ್ದಿದ್ದು ಮುಚ್ಕೊಳ್ಳಲ್ಲ, ಅದಕ್ಕೆ ವೆಲ್ಡಿಂಗೇ ಗತಿ. ಸರಳಿನ ಬದಲು ಸ್ಟೀಲ್ ಚಮಚ ಇಳಿಬಿಡೋ ಜಾಣತನ ಬೇಡ, ಸ್ಟೇನ್‌ಲೆಸ್ ಸ್ಟೀಲಿನ ಕ್ರೋಮಿಯಂ ವಿಷವಾಗಿ ನೀರಿಗೆ ಬರಬಹುದು. ಸೋಡಾ ಬದಲು ಉಪ್ಪು ಹಾಕಿದ್ರೆ ಕ್ಲೋರಿನ್ ಅನ್ನೋ ವಿಷಗಾಳಿ ಬರುತ್ತೆ. ಹೇಗೂ ಬೆಂಕಿ ಹತ್ತೋ ಹೈಡ್ರೋಜನ್ ಏಳುತ್ತೆ, ಅದಕ್ಕೆ ಮುಚ್ಚಿದ ಬಾಲ್ಕನಿ ಬೇಡ, ಸೊಸೈಟಿ ಕಾಂಪೌಂಡಿನ ಮೂಲೆ ಮೇಲು, ಸೆಕ್ರೆಟರಿ ಒಪ್ಪಿದ್ರೆ, ಮತ್ತೆ ಪಕ್ಕದಲ್ಲಿ ವಾಚ್‌ಮನ್ ಬೀಡಿ ಸೇದ್ತಾ ಇಲ್ದೇ ಇದ್ರೆ. ಸ್ಪ್ರಿಂಗು, ಹೈ ಟೆನ್ಸೈಲ್ ಅನ್ನೋ ತುಂಬಾ ಗಟ್ಟಿ ಉಕ್ಕಿನ ಬೋಲ್ಟು ಟಬ್ಬಿಗೆ ಹಾಕ್ಲೇಬೇಡಿ, ಹೈಡ್ರೋಜನ್ ಉಕ್ಕಿನೊಳಗೆ ನುಗ್ಗಿ ಅದನ್ನ ಪಟ್ ಅಂತ ಮುರಿಯೋ ಹಾಗೆ ಮಾಡುತ್ತೆ.

ಇಡೀ ಬಾಡಿ ಟಬ್ಬಲ್ಲಿ ಹಿಡಿಯಲ್ಲ, ಅಲ್ಲಿ ವೈರ್ ಬ್ರಷ್ಷು, ತುಕ್ಕನ್ನ ಗಟ್ಟಿ ಪದರವಾಗಿ ಬದಲಿಸೋ, ಫಾಸ್ಫರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರು. ಬರೀ ತಗಡು ಕಂಡ ಕಡೆ ನನ್ನ ಓಟು ಜಿಂಕ್ ಪ್ರೈಮರ್‌ಗೆ, ಅಂದ್ರೆ ಪೇಂಟಿಗೆ ಮೊದಲು ಬಳಿಯೋ ಜಿಂಕ್ ಪುಡಿಯ ಕೋಟಿಂಗಿಗೆ, ಕಬ್ಬಿಣಕ್ಕಿಂತ ಮೊದಲು ಜಿಂಕ್ ಎಲೆಕ್ಟ್ರಾನ್ ಕೊಟ್ಟು ತಾನು ಸವೆಯುತ್ತೆ. 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆ ಹಡಗಿನ ತಾಮ್ರದ ಹೊದಿಕೆ ಉಳಿಸೋಕೆ ಇದೇ ಉಪಾಯ ಹೂಡಿದ್ರು, ತಾಮ್ರ ಉಳೀತು, ಆದ್ರೆ ತಾಮ್ರ ಕರಗಿ ವಿಷ ಬಿಡೋದು ನಿಂತಿದ್ದಕ್ಕೆ ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಮೆತ್ಕೊಂಡ್ವು, ಪಾಪ. ಕಾರಿಗೆ ಆ ತೊಂದ್ರೆ ಇಲ್ಲ, ಜಿಂಕ್ ಲೋಹಕ್ಕೆ ನೇರವಾಗಿ ತಾಗ್ಬೇಕು ಅಷ್ಟೇ, ಹಳೇ ಪೇಂಟ್ ಮೇಲೆ ಬಳಿದ್ರೆ ದುಡ್ಡು ದಂಡ.

ಆಮೇಲೆ ನಿಮ್ಮಿಷ್ಟದ ಬಣ್ಣ, ಸ್ಟ್ರೈಪು, ಸೀಟು ಏನಾದ್ರೂ ಮಾಡ್ಕೊಳ್ಳಿ, ಎಂಜಿನ್ ಬದಲಿಸೋದಾದ್ರೆ ಮಾತ್ರ ಆರ್‌ಟಿಒ ಒಪ್ಪಿಗೆ ಮೊದಲು. ಪೇಂಟರಿಗೆ ಒಂದು ಮಾತು ಹೇಳಿ, ಡೋರಿನ ತಳದಲ್ಲಿರೋ ಸಣ್ಣ ತೂತುಗಳನ್ನ ಪುಟ್ಟಿ ಹಾಕಿ ಚಂದ ಮಾಡ್ಬೇಡಪ್ಪಾ, ಗಾಜಿನ ಸಂದಿಂದ ಇಳಿದ ಮಳೆನೀರು ಹೊರಗೆ ಹೋಗೋದು ಅಲ್ಲಿಂದಾನೇ ಅಂತ.