ಮುರಿದದ್ದು ಇಬ್ಬರ ಪ್ರೀತಿ, ಸಿಕ್ಕಿಬಿದ್ದದ್ದು ನಾಲ್ವರು ಗೆಳೆಯರು

ಹಾಲ್‌ನಲ್ಲಿ ಪ್ರೇಮಿಗಳಾದ ರಾಸ್ ಮತ್ತು ರೇಚೆಲ್ ಜಗಳವಾಡುತ್ತಿದ್ದಾರೆ. ಬೆಡ್‌ರೂಮಿನ ಬಾಗಿಲಿಗೆ ಕಿವಿಗೊಟ್ಟು ಮೋನಿಕಾ, ಫೀಬಿ, ಚಾಂಡ್ಲರ್, ಜೋಯಿ ಕೂತಿದ್ದಾರೆ. ಹೆಣ್ಣುಮಕ್ಕಳಿಬ್ಬರು ಕೂದಲು ತೆಗೆಯಲು ಕಾಲಿಗೆ ವ್ಯಾಕ್ಸ್ ಹಚ್ಚಿಕೊಂಡು ಕಿರುಚಿದ್ದರು, ಅದನ್ನು ಕೇಳಿ ಗಂಡುಮಕ್ಕಳಿಬ್ಬರು ಓಡಿಬಂದಿದ್ದರು. ಅಷ್ಟರಲ್ಲಿ ಹೊರಗೆ ಜಗಳ ಶುರುವಾಯಿತು, ಈಗ ಎದ್ದು ಬರುವ ಹಾಗಿಲ್ಲ. ಹೊತ್ತು ಸರಿಯುತ್ತದೆ. ಹಾಲ್‌ನಿಂದ ಪಿಜ್ಜಾದ ವಾಸನೆ ಬರುತ್ತದೆ. ಹಸಿವು ತಡೆಯಲಾರದೆ ಒಳಗಿದ್ದವರು ಆ ವ್ಯಾಕ್ಸನ್ನೇ ತಿನ್ನುವ ಮಾತಾಡುತ್ತಾರೆ. ನಾವು ನಗುತ್ತೇವೆ. ಮತ್ತೆ ಹೊರಗಿನ ಮಾತು ಕೇಳಿಸುತ್ತದೆ, ನಗು ಅಲ್ಲೇ ನಿಲ್ಲುತ್ತದೆ.

ಇದು 1997ರ ಫೆಬ್ರವರಿ 20ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾದ ‘ಫ್ರೆಂಡ್ಸ್’ ಕಂತು. ಆ ಜೋಡಿ ಆಗ ‘ಬ್ರೇಕ್’ನಲ್ಲಿತ್ತೋ ಇಲ್ಲವೋ, ಅಂದರೆ ಸದ್ಯಕ್ಕೆ ದೂರವಾಗಿತ್ತೋ ಇಲ್ಲವೋ, ರಾಸ್ ಇನ್ನೊಬ್ಬಳ ಜೊತೆ ರಾತ್ರಿ ಕಳೆದದ್ದು ಮೋಸವೋ ಅಲ್ಲವೋ ಎಂದು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬಾಗಿಲ ಹಿಂದಿನ ಆ ನಾಲ್ಕು ಮುಖಗಳು. ಅಲ್ಲಿಗೆ ಬಂದು ಮುಟ್ಟಲು ಅಮೆರಿಕದ ಸಿಟ್‌ಕಾಮ್‌ಗೆ, ಅಂದರೆ ಟಿವಿಯ ಹಾಸ್ಯ ಧಾರಾವಾಹಿಗೆ, ಕಾಲು ಶತಮಾನವೇ ಹಿಡಿಯಿತು.

1970ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾನೂನು ಜಾರಿಗೆ ಬಂತು. ಯಾರ ತಪ್ಪನ್ನೂ ಸಾಬೀತು ಮಾಡದೆ ವಿಚ್ಛೇದನ ಪಡೆಯಬಹುದಾಯಿತು. ಆದರೆ ಅದೇ ವರ್ಷ ಸಿಬಿಎಸ್ ವಾಹಿನಿಗೆ ‘ದ ಮೇರಿ ಟೈಲರ್ ಮೂರ್ ಶೋ’ ಬರೆಯುತ್ತಿದ್ದ ಜೇಮ್ಸ್ ಬ್ರೂಕ್ಸ್ ಮತ್ತು ಆಲನ್ ಬರ್ನ್ಸ್, ನಾಯಕಿ ಡೈವೋರ್ಸ್ ಆದವಳು ಎಂದಾಗ ವಾಹಿನಿ ಒಪ್ಪಲಿಲ್ಲ. ನಾಯಕಿಯಾಗಿದ್ದ ನಟಿ ಮೇರಿ ಹಿಂದಿನ ಧಾರಾವಾಹಿಯಲ್ಲಿ ನಟ ಡಿಕ್ ವ್ಯಾನ್ ಡೈಕ್‌ನ ಹೆಂಡತಿಯಾಗಿದ್ದಳು. ಅವನನ್ನೇ ಬಿಟ್ಟುಬಂದಳು ಎಂದು ಜನ ತಿಳಿದರೆ ಎಂಬ ಅಂಜಿಕೆಯೂ ಇತ್ತಂತೆ. ಹಾಗಾಗಿ ಡೈವೋರ್ಸ್ ಹೋಗಿ, ಎರಡು ವರ್ಷದ ಪ್ರೇಮ ಮುರಿದುಬಿದ್ದ ಕಥೆ ಬಂತು. ಮೊದಲ ಕಂತಿನಲ್ಲೇ ಆ ಹುಡುಗ ಹೂವು ಹಿಡಿದು ಬರುತ್ತಾನೆ, ಅವಳು ಸಾಗಹಾಕುತ್ತಾಳೆ. ಊರು ಬಿಟ್ಟುಬಂದ ಅವಳಿಗೆ ಅಲ್ಲಿ ಸಿಗುವವಳು ರೋಡಾ. ಮನೆಗಾಗಿ ಕಿತ್ತಾಡಲು ಬಂದವಳು ಜೀವದ ಗೆಳತಿಯಾಗುತ್ತಾಳೆ.

ಆ ರೋಡಾಗೆ ಮುಂದೆ ಅವಳದೇ ಧಾರಾವಾಹಿ ಸಿಕ್ಕಿತು. 1974ರ ಅಕ್ಟೋಬರ್ 28ರಂದು ಅವಳ ಮದುವೆಯನ್ನು 5 ಕೋಟಿಗೂ ಹೆಚ್ಚು ಜನ ನೋಡಿದರು. ಸುಖಸಂಸಾರದಲ್ಲಿ ಕಥೆ ಹುಟ್ಟುತ್ತಿಲ್ಲವೆಂದು ಬರಹಗಾರರು 1976ರಲ್ಲಿ ಗಂಡ ಹೆಂಡಿರನ್ನು ದೂರ ಮಾಡಿದರು. ಮದುವೆಗೆ ಬಂದ ಪ್ರೇಕ್ಷಕರು ಬೇರ್ಪಟ್ಟಾಗ ಮುಖ ತಿರುಗಿಸಿದರು. ಧಾರಾವಾಹಿ 1978ರಲ್ಲಿ ನಿಂತಿತು.

ಸಿಟ್‌ಕಾಮ್‌ನ ಕಟ್ಟುಪಾಡೂ ಇಂಥ ಕಥೆಗೆ ಅಡ್ಡಿಯಾಗಿತ್ತು. ಕಂತು ಮುಗಿಯುವಾಗ ಎಲ್ಲವೂ ಮೊದಲಿನಂತಾಗಬೇಕು. ಮುಂದೆ ಮರುಪ್ರಸಾರಕ್ಕೆ ಮಾರುವಾಗ ಯಾವ ಕಂತನ್ನು ಯಾವಾಗ ಹಾಕಿದರೂ ಅರ್ಥವಾಗಬೇಕು. ಬ್ರೇಕಪ್ ಆದಮೇಲೆ ಮೊದಲಿನಂತಾಗುವುದು ಹೇಗೆ? ‘ಚಿಯರ್ಸ್’ ಧಾರಾವಾಹಿಯಲ್ಲಿ ಸ್ಯಾಮ್ ಮತ್ತು ಡಯೇನ್ ಐದು ವರ್ಷ ಕೂಡಿ, ಮುರಿದು, ಮತ್ತೆ ಕೂಡಿ ಎಳೆದಾಡಿದರು, 1987ರಲ್ಲಿ ನಟಿಯೇ ಬಿಟ್ಟುಹೋದಾಗ ಆ ಕಥೆಗೆ ತೆರೆಬಿತ್ತು. ‘ಸೈನ್‌ಫೆಲ್ಡ್’ ಧಾರಾವಾಹಿಯ ಹಾದಿ ಬೇರೆ. 1989ರ ಮೊದಲ ಕಂತಿನಲ್ಲಿ ಎಲೇನ್ ಇರಲೇ ಇಲ್ಲ. ಹೆಣ್ಣು ಪಾತ್ರ ಬೇಕೆಂದು ವಾಹಿನಿ ಹೇಳಿದ್ದಕ್ಕೆ, ನಾಯಕ ಜೆರ್ರಿಯ ಹಳೆಯ ಪ್ರೇಯಸಿಯಾಗಿ ಅವಳು ಬಂದಳು. ಮಾಜಿ ಪ್ರೇಮಿಗಳು ಒಂದೇ ಟೇಬಲ್‌ನಲ್ಲಿ ಕೂತು ಹರಟುವುದು ಟಿವಿಗೆ ಹೊಸತು, ಚೆಂದವೂ ಹೌದು. ಆದರೆ ಅವರ ನೋವು ನಾವು ನೋಡಲು ಶುರುಮಾಡುವ ಮುಂಚೆಯೇ ಆರಿಹೋಗಿತ್ತು.

ಆರದ ಗಾಯದ ದಿನಗಳನ್ನು ತೋರಿಸಿದ್ದು ‘ಫ್ರೆಂಡ್ಸ್’. ನಿಜಜೀವನದಲ್ಲಿ ಇಬ್ಬರಲ್ಲಿ ಒಬ್ಬರು ಮೆಲ್ಲಗೆ ಬಳಗದಿಂದ ಜಾರಿಕೊಳ್ಳುತ್ತಾರೆ. ಆರು ಮಂದಿಯ ಧಾರಾವಾಹಿಯಲ್ಲಿ ಯಾರೂ ಜಾರುವ ಹಾಗಿಲ್ಲ. ಬರಹಗಾರರು ಆ ಇಕ್ಕಟ್ಟಿನಿಂದಲೇ ಸತ್ಯ ತೆಗೆದರು. ಜಗಳದ ನಂತರದ ಕಂತು, ಮಾರ್ಚ್ 6ರದ್ದು, ಬಾಗಿಲ ದೃಶ್ಯಕ್ಕಿಂತಲೂ ನನಗೆ ಹತ್ತಿರ. ರೇಚೆಲ್ ಎಲ್ಲರನ್ನೂ ಸ್ಕೀಯಿಂಗ್‌ಗೆ ಕರೆಯುತ್ತಾಳೆ, ರಾಸ್‌ನನ್ನು ಬಿಟ್ಟು. ಹೋದರೆ ಅವನಿಗೆ ನೋವು, ಹೋಗದಿದ್ದರೆ ಇವಳಿಗೆ. ಯಾರ ಜೊತೆ ಎಷ್ಟು ಹೊತ್ತು ಕಳೆದೆವು ಎಂದು ಲೆಕ್ಕ ಒಪ್ಪಿಸಬೇಕಾದ ಆ ಸಂಕಟವನ್ನು, ಅಂಥ ಬಳಗದಲ್ಲಿ ಇದ್ದವರೆಲ್ಲ ಬಲ್ಲರು. ಚಾಂಡ್ಲರ್ ಬಿಟ್ಟಿದ್ದ ಸಿಗರೇಟನ್ನು ಮತ್ತೆ ಹಚ್ಚುತ್ತಾನೆ. ಒಂಬತ್ತು ವರ್ಷದವನಿದ್ದಾಗ ಅಪ್ಪ ಅಮ್ಮ ಬೇರೆಯಾದದ್ದು ಅವನಿಗೆ ಮರುಕಳಿಸುತ್ತಿದೆ. ಬ್ರೇಕಪ್ ತನ್ನದಲ್ಲ, ನಡುಗುತ್ತಿರುವವನು ಮಾತ್ರ ಅವನು.

ದಾರಿಯಲ್ಲಿ ಫೀಬಿಯ ಹಳೇ ಟ್ಯಾಕ್ಸಿಯ ಪೆಟ್ರೋಲ್ ಮುಗಿಯುತ್ತದೆ. ಚಳಿ, ಗೊತ್ತಿಲ್ಲದ ಜಾಗ. ಫೋನ್ ಮಾಡಲು ಅವರಿಗೆ ನೆನಪಾಗುವುದು ಒಬ್ಬನೇ. ಕರೆಯದೆ ಬಿಟ್ಟುಬಂದಿದ್ದ ರಾಸ್‌ಗೇ ಫೋನ್ ಹೋಗುತ್ತದೆ, ಅವನು ಹೊರಟು ಬರುತ್ತಾನೆ.