ಪದ ಪರಿಚಯ: ಥಾಯ್ಲೆಂಡಿನ ‘ಸುವಯ್’, ಅರ್ಧ ಕಪ್ಪ ಅರ್ಧ ಮಾಮೂಲಿ

2023ರ ನವೆಂಬರ್ 8. ಬ್ಯಾಂಕಾಕ್‌ನ ಸುಖುಮ್ವಿತ್ ರಸ್ತೆಯಲ್ಲಿ, 64/1ನೇ ಗಲ್ಲಿಯ ಹತ್ತಿರ, ಮಣ್ಣು ತುಂಬಿಕೊಂಡು ಹೋಗುತ್ತಿದ್ದ ಲಾರಿಯೊಂದರ ಕೆಳಗೆ ರಸ್ತೆಯೇ ಕುಸಿಯಿತು. ಅಲ್ಲಿ ನೆಲದಡಿ ವಿದ್ಯುತ್ ಕೇಬಲ್ ಹಾಕುವ ಕೆಲಸ ನಡೆದಿತ್ತು. ಗುಂಡಿಯ ಮೇಲೆ ಮುಚ್ಚಿದ್ದ ಚಪ್ಪಡಿ ಭಾರ ತಡೆಯಲಿಲ್ಲ. ಜನ ಫೋಟೋ ತೆಗೆದು ಹಂಚಿದರು. ಆದರೆ ಗುಂಡಿಗಿಂತ ಜಾಸ್ತಿ ಮಾತಾಗಿದ್ದು ಲಾರಿಯ ಮುಂದಿನ ಗಾಜಿಗೆ ಅಂಟಿಸಿದ್ದ ಒಂದು ಹಸಿರು ಸ್ಟಿಕ್ಕರ್. ಅದರಲ್ಲಿದ್ದದ್ದು ‘ಬಿ’ ಅನ್ನುವ ಒಂದೇ ಇಂಗ್ಲಿಷ್ ಅಕ್ಷರ.

ಆ ನಿರ್ದಿಷ್ಟ ಸ್ಟಿಕ್ಕರಿನ ಅರ್ಥ ಏನು ಅನ್ನುವ ವಾದ ಬೇರೆ. ಆದರೆ ಅದನ್ನು ನೋಡಿದ ಥಾಯ್ ಜನರ ಬಾಯಿಗೆ ತಕ್ಷಣ ಬಂದ ಪದ ಒಂದೇ: ಸುವಯ್.

ಸು, ಅ, ಯ್ ಮೂರನ್ನೂ ಸೇರಿಸಿ ಒಂದೇ ಉಸಿರಿಗೆ, ದನಿ ತಗ್ಗಿಸಿ ಹೇಳಬೇಕು. ದನಿ ಮುಖ್ಯ. ಥಾಯ್ ಭಾಷೆಯಲ್ಲಿ ಇದೇ ಸದ್ದನ್ನು ಏರುದನಿಯಲ್ಲಿ ಹೇಳಿದರೆ ‘ಚೆಂದ’ ಅಂತ ಅರ್ಥ. ಸಮದನಿಯಲ್ಲಿ ಹೇಳಿದರೆ ‘ನತದೃಷ್ಟ’. ತಗ್ಗಿಸಿ ಹೇಳಿದರೆ ಮಾತ್ರ ನಾವು ಮಾತಾಡುತ್ತಿರುವ ಪದ. ಈ ಪದವನ್ನು ಹೇಗೂ ದನಿ ತಗ್ಗಿಸಿಯೇ ಆಡುತ್ತಾರೆ, ಅಲ್ವಾ?

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಹುಡುಕಿದರೆ ಸಿಗುವುದಿಲ್ಲ. ‘ಲಂಚ’ ಅಂದರೆ ಸಾಲದು. ಲಂಚ ಒಂದು ಕೆಲಸಕ್ಕೆ, ಒಂದು ಸಲ ಕೊಡುವಂಥದ್ದು. ಸುವಯ್ ತಿಂಗಳು ತಿಂಗಳು ಕೊಡುವಂಥದ್ದು. ಹಾಗಾಗಿ ನಮ್ಮ ‘ಮಾಮೂಲಿ’ ಅದಕ್ಕೆ ಬಹಳ ಹತ್ತಿರ. ಆದರೆ ಸುವಯ್ ಪದದ ಹಳೆಯ ಅರ್ಥ ‘ಕಪ್ಪ’. ರಾಜನಿಗೆ ಒಪ್ಪಿಸುವ ಕಪ್ಪಕಾಣಿಕೆಯ ಕಪ್ಪ. ಅಂದರೆ ಒಂದು ಕಾಲು ಅರಮನೆಯಲ್ಲಿ, ಇನ್ನೊಂದು ಕಾಲು ಪೊಲೀಸ್ ಠಾಣೆಯಲ್ಲಿ ಇಟ್ಟಿರುವ ಪದ ಇದು.

ಅರಮನೆಯ ಕಡೆಯಿಂದಲೇ ಶುರು ಮಾಡೋಣ. ಹಳೆಯ ರಾಜಧಾನಿ ಅಯುತ್ಥಯದ ಕಾಲದಲ್ಲಿ ಸಾಮಾನ್ಯ ಗಂಡಸನ್ನು ‘ಪ್ರೈ’ ಎಂದು ಕರೆಯುತ್ತಿದ್ದರು. ಪ್ರತಿ ಪ್ರೈಗೂ ಒಬ್ಬ ಯಜಮಾನ ಇರಲೇಬೇಕು. ಯಾರಿಗೆ ಸೇರಿದವನು ಎಂದು ಮೈಮೇಲೆ ಹಚ್ಚೆ ಹಾಕುತ್ತಿದ್ದರು. ರಾಜನಿಗೆ ಸೇರಿದ ಪ್ರೈ ವರ್ಷಕ್ಕೆ ಆರು ತಿಂಗಳು ಬಿಟ್ಟಿ ಚಾಕರಿ ಮಾಡಬೇಕಿತ್ತು. ರಾಜಧಾನಿ ಬ್ಯಾಂಕಾಕ್‌ಗೆ ಬಂದ ಮೇಲೆ ಅದು ನಾಲ್ಕು ತಿಂಗಳಿಗೆ, ಆಮೇಲೆ ಮೂರು ತಿಂಗಳಿಗೆ ಇಳಿಯಿತು. ದೂರದ ಕಾಡುಸೀಮೆಯವರು ಬಿಟ್ಟಿಗೆ ಬರುವುದು ಕಷ್ಟ. ಅವರು ಚಾಕರಿಯ ಬದಲು ಸರಕು ಕಳಿಸುತ್ತಿದ್ದರು: ಏಲಕ್ಕಿ, ಅರಗು, ಜೇನುಮೇಣ, ತವರ. ಆ ಸರಕೇ ಸುವಯ್. ಕಳಿಸುವವರು ‘ಪ್ರೈ ಸುವಯ್’. ರಾಜರು ಅದನ್ನು ಹಡಗಿಗೆ ತುಂಬಿಸಿ ಚೀನಾಕ್ಕೆ ಮಾರುತ್ತಿದ್ದರು.

ಇದರ ಜೊತೆಗೇ ಇನ್ನೊಂದು ಪದ ಇತ್ತು, ‘ಕಿನ್ ಮುವಾಂಗ್’. ಕಿನ್ ಅಂದರೆ ತಿನ್ನು, ಮುವಾಂಗ್ ಅಂದರೆ ಊರು, ಸೀಮೆ. ಹೊರಸೀಮೆಗಳನ್ನು ಆಳುವ ಅಧಿಕಾರಿಗೆ ಬೊಕ್ಕಸದಿಂದ ಸಂಬಳ ಬರುತ್ತಿರಲಿಲ್ಲ. ಅವನು ತನ್ನ ಸೀಮೆಯನ್ನೇ ‘ತಿಂದು’ ಬದುಕಬೇಕು. ಮೇಲಕ್ಕೆ ಕಳಿಸಬೇಕಾದ್ದು ಕಳಿಸಿ, ಉಳಿದದ್ದು ತನಗೆ. ಆಗ ಅದು ಅಪರಾಧವಲ್ಲ, ಅದೇ ಕ್ರಮ. 1892ರಲ್ಲಿ ಒಳಾಡಳಿತ ಸಚಿವರಾದ ರಾಜಕುಮಾರ ದಾಮ್ರೋಂಗ್ ಇದನ್ನು ಮುರಿಯಲು ಹೊರಟರು. ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ರಾಜ ಚುಲಾಲಾಂಗ್‌ಕೋರ್ನ್ ಕಾಲದಲ್ಲೇ ಬಿಟ್ಟಿ ಚಾಕರಿ, ಜೀತ ಎರಡೂ ಹಂತಹಂತವಾಗಿ ಹೋದವು. 1905ರ ಹೊತ್ತಿಗೆ ಕಾಗದದ ಮೇಲೆ ಆ ಲೋಕ ಮುಗಿದಿತ್ತು.

ಆದರೆ ‘ತಿನ್ನುವುದು’ ಭಾಷೆಯಲ್ಲಿ ಉಳಿಯಿತು. ಇವತ್ತಿಗೂ ಥಾಯ್ ಜನ ಭ್ರಷ್ಟಾಚಾರಕ್ಕೆ ‘ಕೋಂಗ್ ಕಿನ್’ ಅನ್ನುತ್ತಾರೆ. ಮೋಸ ಮಾಡಿ ತಿನ್ನುವುದು. ನಾವೂ ‘ದುಡ್ಡು ತಿಂದ’ ಅಂತಲೇ ಹೇಳುತ್ತೇವೆ. ಎರಡೂ ಭಾಷೆಗೆ ನಂಟಿಲ್ಲ, ಹೊಟ್ಟೆ ಮಾತ್ರ ಒಂದೇ.

ಲಂಚದ ಪದಗಳು ಅಲ್ಲಿ ಬೇಕಾದಷ್ಟಿವೆ. ‘ನಾಮ್ ರೋನ್ ನಾಮ್ ಚಾ’ ಅಂದರೆ ಬಿಸಿನೀರು, ಚಹಾ. ನಮ್ಮಲ್ಲಿ ‘ಕಾಫಿಗೆ ಏನಾದ್ರೂ ಕೊಡಿ’ ಅಂದ ಹಾಗೆ. ನನಗೆ ಬಹಳ ಇಷ್ಟವಾದದ್ದು ‘ಸಿನ್ ಬೊನ್’. ಲಂಚಕ್ಕೆ ಸಾಮಾನ್ಯವಾಗಿ ಬಳಸುವ ಪದವೇ ಇದು. ಬೊನ್ ಅಂದರೆ ಹರಕೆ ಹೊರುವುದು. ಬ್ಯಾಂಕಾಕ್‌ನ ಎರವಾನ್ ಗುಡಿಯಲ್ಲಿ ನಾಲ್ಕು ಮುಖದ ಬ್ರಹ್ಮನಿಗೆ ಹರಕೆ ಹೊತ್ತು, ಕೆಲಸ ಆದ ಮೇಲೆ ನೃತ್ಯ ಮಾಡಿಸಿ ತೀರಿಸುತ್ತಾರಲ್ಲ, ಅದೇ ಬೊನ್. ದೇವರಿಗೆ ಒಪ್ಪಿಸಬೇಕಾದ್ದು ಅಧಿಕಾರಿಗೆ ಹೋದಾಗ ಅದು ಲಂಚ.

ಹರಕೆ ಕೆಲಸ ಆದ ಮೇಲೆ ಮುಗಿಯುತ್ತದೆ. ಕಪ್ಪ ಮುಗಿಯುವುದಿಲ್ಲ. ಸುವಯ್‌ಗೂ ಸಿನ್ ಬೊನ್‌ಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ದೊಡ್ಡದು.

ಈಗಿನ ಸುವಯ್ ಹೇಗೆ ನಡೆಯುತ್ತದೆ? 2023ರ ಮೇ ತಿಂಗಳಲ್ಲಿ ಅದರ ಒಂದು ರೂಪ ಬಯಲಿಗೆ ಬಂತು. ಆಗಷ್ಟೇ ಚುನಾವಣೆ ಮುಗಿದಿತ್ತು. ಮೂವ್ ಫಾರ್ವರ್ಡ್ ಪಕ್ಷದ ವಿರೋಜ್ ಲಕ್ಖನಾಅದಿಸೋನ್ ಲಾರಿಗಳ ಮೇಲಿನ ಸ್ಟಿಕ್ಕರ್‌ಗಳ ಚಿತ್ರಗಳನ್ನು ಹೊರಹಾಕಿದರು. ಮೊಲ, ಸೂರ್ಯ, ಹೀಗೆ ಮಕ್ಕಳ ಪುಸ್ತಕಕ್ಕೆ ಅಂಟಿಸುವಂಥ ಮುದ್ದು ಚಿತ್ರಗಳು. ಲಾರಿ ಮಾಲೀಕರು ಹೇಳಿದ್ದು ಹೀಗೆ: ತಿಂಗಳಿಗೆ ಇಷ್ಟು ಅಂತ ಮಧ್ಯವರ್ತಿಗೆ ಕಟ್ಟಿದರೆ ಸ್ಟಿಕ್ಕರ್ ಸಿಗುತ್ತದೆ. ಅದನ್ನು ಗಾಜಿಗೆ ಅಂಟಿಸಿದರೆ ದಾರಿಯಲ್ಲಿ ಯಾರೂ ತಡೆಯುವುದಿಲ್ಲ. ಹತ್ತು ಚಕ್ರದ ಲಾರಿಗೆ ಕಾನೂನಿನ ಮಿತಿ 25 ಟನ್. ಅದಕ್ಕಿಂತ ಎಷ್ಟೋ ಜಾಸ್ತಿ ಹೇರಿಕೊಂಡು ಹೋದರೂ ಕೇಳುವವರಿಲ್ಲ. ಹೆದ್ದಾರಿ ಪೊಲೀಸರ ಮುಖ್ಯಸ್ಥರನ್ನು ಆ ಹುದ್ದೆಯಿಂದ ಬೇರೆ ಕಡೆಗೆ ಹಾಕಿದರು. ಅದಾಗಿ ಆರು ತಿಂಗಳೂ ತುಂಬುವ ಮುಂಚೆ ಸುಖುಮ್ವಿತ್‌ನಲ್ಲಿ ಲಾರಿ ಗುಂಡಿಗೆ ಇಳಿಯಿತು.

ಸ್ಟಿಕ್ಕರ್ ಅನ್ನುವುದು ಒಂದು ರಸೀದಿ, ಗಮನಿಸಿ. ಲಂಚಕ್ಕೆ ಯಾರಾದರೂ ರಸೀದಿ ಕೊಡುತ್ತಾರಾ? ಇಲ್ಲಿ ಕೊಡಲೇಬೇಕು. ಹಣ ಪಡೆದವರು ಎಲ್ಲೋ ಇರುತ್ತಾರೆ, ಲಾರಿ ತಡೆಯುವ ಪೊಲೀಸ್ ಇನ್ನೆಲ್ಲೋ ಇರುತ್ತಾನೆ. ಯಾರು ಕೊಟ್ಟಿದ್ದಾರೆ, ಯಾರು ಕೊಟ್ಟಿಲ್ಲ ಎಂದು ಅವನಿಗೆ ತಿಳಿಯಬೇಕಲ್ಲ. ಹಿಂದೆ ಮೈಮೇಲಿನ ಹಚ್ಚೆ ಮಾಡುತ್ತಿದ್ದ ಕೆಲಸವನ್ನು ಈಗ ಗಾಜಿನ ಮೇಲಿನ ಮೊಲ ಮಾಡುತ್ತದೆ. ‘ಇವನು ಇಂಥವರಿಗೆ ಸೇರಿದವನು, ಬಿಡು’ ಅಂತ.

ಥಾಯ್ಲೆಂಡ್ ಬಗ್ಗೆ ಬರೆಯುವವರು ‘ಅಲ್ಲಿ ಕಾನೂನಿನ ಜಾರಿ ದುರ್ಬಲ’ ಎಂದು ಒಂದು ಸಾಲು ಹಾಕಿ ಮುಂದೆ ಹೋಗುತ್ತಾರೆ. ನನಗೆ ಆ ಸಾಲು ಪೂರ್ತಿ ಸರಿ ಅನ್ನಿಸುವುದಿಲ್ಲ. ಸ್ಟಿಕ್ಕರ್ ಇಲ್ಲದ ಲಾರಿಯ ಚಾಲಕನನ್ನು ಕೇಳಿ ನೋಡಿ. ಅವನ ಪಾಲಿಗೆ ಕಾನೂನು ಬಲವಾಗಿಯೇ ಇದೆ. ತೂಕ ಹಾಕುತ್ತಾರೆ, ಕಾಗದ ಕೇಳುತ್ತಾರೆ, ದಂಡ ಹಾಕುತ್ತಾರೆ. ಕಾನೂನಿನ ಭಯ ಇಲ್ಲದಿದ್ದರೆ ಸುವಯ್ ಯಾರು ಕೊಡುತ್ತಾರೆ? ಕಾನೂನು ಎಷ್ಟು ಬಿಗಿಯೋ ಸುವಯ್ ದರ ಅಷ್ಟು ಜಾಸ್ತಿ.

ಜೂಜು ನೋಡಿ. 1935ರ ಕಾಯ್ದೆಯ ಪ್ರಕಾರ ಸರ್ಕಾರಿ ಲಾಟರಿ, ಕುದುರೆ ಜೂಜು ಇಂಥ ಕೆಲವನ್ನು ಬಿಟ್ಟರೆ ಹೆಚ್ಚೂಕಡಿಮೆ ಎಲ್ಲಕ್ಕೂ ಅಡ್ಡಿ. ವೇಶ್ಯಾವಾಟಿಕೆಯೂ ಕಾಯ್ದೆಯ ಪ್ರಕಾರ ಅಪರಾಧವೇ. ಪಟ್ಟಾಯ ನೋಡಿ ಬಂದವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಿಷೇಧ ಇದೆ, ಬೀದಿ ತುಂಬ ವ್ಯಾಪಾರವೂ ಇದೆ. ಇವೆರಡರ ನಡುವಿನ ಜಾಗದಲ್ಲಿ ಸುವಯ್ ಬೆಳೆಯುತ್ತದೆ. 2003ರಲ್ಲಿ ಬ್ಯಾಂಕಾಕ್‌ನ ದೊಡ್ಡ ಮಸಾಜ್ ಪಾರ್ಲರ್‌ಗಳ ಒಡೆಯ ಚುವಿತ್ ಕಮೋಲ್ವಿಸಿತ್ ಪೊಲೀಸರ ಮೇಲೆ ಮುನಿಸಿಕೊಂಡು, ತಾನು ಅವರಿಗೆ ಕೊಡುತ್ತಿದ್ದ ಹಣದ ಲೆಕ್ಕವನ್ನು ಬೀದಿಗೆ ತಂದರು. ತಿಂಗಳಿಗೆ ಒಂದು ಕೋಟಿ ಬಾತ್‌ಗೂ (ಬಾತ್ ಅಂದರೆ ಅಲ್ಲಿನ ರೂಪಾಯಿ) ಜಾಸ್ತಿ ಅಂದರು. ಜನ ಬೈಯಲಿಲ್ಲ. ಮುಂದೆ ಸಂಸತ್ತಿಗೆ ಆರಿಸಿ ಕಳಿಸಿದರು.

ಇನ್ನೊಂದು ನೆನಪು. 2020ರ ಡಿಸೆಂಬರ್ ಕೊನೆಯಲ್ಲಿ ರಯೋಂಗ್ ಪ್ರಾಂತ್ಯದಲ್ಲಿ ಕೋವಿಡ್ ಏಕಾಏಕಿ ಹರಡಿತು. ಮೂಲ ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಒಂದು ಜೂಜಿನ ಅಡ್ಡೆ. ಪೊಲೀಸರ ಕಣ್ಣಿಗೆ ಬೀಳದ ಅಡ್ಡೆ ವೈರಸ್ಸಿನ ಕಣ್ಣಿಗೆ ಬಿದ್ದಿತ್ತು.

ಸುವಯ್ ಇರುವ ಕಡೆ ಅದರ ಪಕ್ಕದಲ್ಲೇ ಇರುವ ಇನ್ನೊಂದು ಪದ ‘ಸೆನ್’. ಗೆರೆ, ಎಳೆ ಎಂಬ ಅರ್ಥ. ನೂಡಲ್ಸಿನ ಎಳೆಗೂ ಅದೇ ಪದ. ‘ಸೆನ್ ಯಾಯ್’ ಅಂದರೆ ಅಂಗಡಿಯಲ್ಲಿ ಅಗಲ ನೂಡಲ್ಸ್, ಊರ ಮಾತಿನಲ್ಲಿ ದೊಡ್ಡವರ ನಂಟು ಇರುವವನು. ನಮ್ಮ ‘ವಶೀಲಿ’ ಇದಕ್ಕೆ ಸರಿಯಾಗಿ ಕೂರುತ್ತದೆ. ಸೆನ್ ಇಲ್ಲದವನು ಸುವಯ್ ಕೊಡಬೇಕು. ಸೆನ್ ದೊಡ್ಡದಿದ್ದವನಿಗೆ ಅದರ ಗೊಡವೆಯೂ ಬೇಡ.

ಥಾಯ್ ಜನ ಇದಕ್ಕೆ ಮತ್ತೆ ಮತ್ತೆ ಕೊಡುವ ಉದಾಹರಣೆ ರೆಡ್ ಬುಲ್ ಕುಟುಂಬದ ಕುಡಿ ವೊರಾಯುತ್ ಯೂವಿಧ್ಯಾ ಪ್ರಕರಣ. 2012ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಅವರ ಫೆರಾರಿ ಸುಖುಮ್ವಿತ್ ರಸ್ತೆಯಲ್ಲಿ ಪೊಲೀಸ್ ಒಬ್ಬರಿಗೆ ಡಿಕ್ಕಿ ಹೊಡೆಯಿತು. ಆತ ಸತ್ತರು. ಆಮೇಲೆ ಶುರುವಾಗಿದ್ದು ವಾಯಿದೆಗಳ ಮೆರವಣಿಗೆ. ಅತಿವೇಗದ ಆರೋಪಕ್ಕೆ ಮೊಕದ್ದಮೆ ಹೂಡುವ ಅವಧಿ ಮೀರಿತು. ನಿಲ್ಲಿಸದೆ ಹೋದ ಆರೋಪಕ್ಕೂ ಮೀರಿತು. 2017ರಲ್ಲಿ ಅವರು ದೇಶ ಬಿಟ್ಟರು. ಮೊದಲು ಗಂಟೆಗೆ 177 ಕಿ.ಮೀ. ಎಂದಿದ್ದ ವೇಗ, ಆಮೇಲಿನ ಲೆಕ್ಕದಲ್ಲಿ 80ರೊಳಗೆ ಇಳಿಯಿತು. 2020ರಲ್ಲಿ ಸರ್ಕಾರಿ ವಕೀಲರು ಪ್ರಕರಣವನ್ನೇ ಕೈಬಿಟ್ಟರು. ಜನ ಸಿಟ್ಟಾದ ಮೇಲೆ ಮತ್ತೆ ತೆರೆದರು. ನಿರ್ಲಕ್ಷ್ಯದಿಂದ ಸಾವು ತಂದ ಆರೋಪಕ್ಕೆ 2027ರ ಸೆಪ್ಟೆಂಬರ್‌ವರೆಗೆ ಅವಧಿ ಇದೆ. ಸತ್ತವರು ಪೊಲೀಸರೇ ಆಗಿದ್ದರು ಅನ್ನುವುದನ್ನು ಮರೆಯಬೇಡಿ. ಇಲಾಖೆಯವನಿಗೇ ಇಷ್ಟು ನ್ಯಾಯ. ‘ಜೈಲಿರುವುದು ಬಡವರನ್ನು ಕೂಡಿಹಾಕೋಕೆ’ ಅನ್ನುವ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ.

ಪೊಲೀಸರು ಮಾತ್ರ ಕೆಟ್ಟವರು ಅಂದುಬಿಟ್ಟರೂ ಕಥೆ ಅರ್ಧ. ಕೆಳಹಂತದವರ ಸಂಬಳ ಕಡಿಮೆ, ಎಷ್ಟೋ ಜನ ಸಾಲ ಮಾಡಿ ಸ್ವಂತ ಪಿಸ್ತೂಲು ಕೊಳ್ಳುತ್ತಾರೆ. ಬಡ್ತಿಗೆ ‘ಟಿಕೆಟ್’ ಬೇಕು ಅನ್ನುವ ದೂರು ಹಳೆಯದು. ಟಿಕೆಟ್ ಅಂದರೆ ಮೇಲಿನವರ ಶಿಫಾರಸು. 2021ರ ಫೆಬ್ರವರಿಯಲ್ಲಿ ರಂಗ್‌ಸಿಮನ್ ರೋಮ್ ಎಂಬ ಸಂಸದರು ಇದನ್ನು ಸಂಸತ್ತಿನಲ್ಲೇ ಎತ್ತಿದ್ದರು. ಹುದ್ದೆಗೆ ಹಣ ಹಾಕಿದವನು ಅದನ್ನು ವಾಪಸ್ ತೆಗೆಯಬೇಕಲ್ಲ. ಹಣ ಹೀಗೆ ಮೇಲಕ್ಕೆ ಹರಿಯುತ್ತದೆ. ಸುವಯ್ ಅನ್ನುವ ಹಳೆಯ ಪದ ಇಲ್ಲಿ ಸುಮ್ನೆ ಬಂದದ್ದಲ್ಲ. ಕಪ್ಪ ಯಾವತ್ತೂ ಹರಿಯುವುದು ಮೇಲ್ಮುಖವಾಗಿಯೇ.

ಈ ಏಣಿಗೆ ಅಡ್ಡ ನಿಂತರೆ ಏನಾಗಬಹುದು? 2023ರ ಸೆಪ್ಟೆಂಬರ್ 6ರಂದು ನಖೋನ್ ಪಥೋಮ್‌ನಲ್ಲಿ ಒಬ್ಬ ಕಮ್ನಾನ್ ಮನೆಯಲ್ಲಿ ಊಟದ ಪಾರ್ಟಿ ನಡೆದಿತ್ತು. ಕಮ್ನಾನ್ ಅಂದರೆ ಕೆಲವು ಹಳ್ಳಿಗಳ ಮುಖಂಡ. ಈತ ರಸ್ತೆ ಗುತ್ತಿಗೆದಾರ ಕೂಡ. ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಅತಿಥಿಗಳಾಗಿ ಕೂತಿದ್ದರು. ಅವರೆಲ್ಲರ ಎದುರೇ ಹೆದ್ದಾರಿ ಪೊಲೀಸ್ ಮೇಜರ್ ಒಬ್ಬರನ್ನು ಗುಂಡಿಟ್ಟು ಕೊಂದರು. ಕಮ್ನಾನ್‌ನ ಸಂಬಂಧಿಯೊಬ್ಬನ ವರ್ಗಾವಣೆಗೆ ಅವರು ಒಪ್ಪಲಿಲ್ಲ ಎಂಬುದು ಕಾರಣ ಎಂದು ಸುದ್ದಿಯಾಯಿತು. ಸಿಸಿಟಿವಿ ದಾಖಲೆ ಮಾಯ ಮಾಡಲು ಅತಿಥಿ ಪೊಲೀಸರಲ್ಲೇ ಕೆಲವರು ಕೈಜೋಡಿಸಿದರು ಎಂಬ ಆರೋಪವೂ ಬಂತು.

ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್‌ನ 2024ರ ಭ್ರಷ್ಟಾಚಾರ ಸೂಚ್ಯಂಕದಲ್ಲಿ ಥಾಯ್ಲೆಂಡಿಗೆ ನೂರಕ್ಕೆ 34 ಅಂಕ, 107ನೇ ಸ್ಥಾನ. ಅಂಕ ಹೆಚ್ಚಿದ್ದಷ್ಟೂ ಭ್ರಷ್ಟಾಚಾರ ಕಡಿಮೆ ಅಂತ ಲೆಕ್ಕ. ಇಂಥ ಅಂಕಗಳಿಂದ ತಿಳಿಯುವುದು ಅಷ್ಟಕ್ಕಷ್ಟೇ. ಗಾಜಿನ ಮೇಲಿನ ಮೊಲ ಹೇಳುವಷ್ಟು ಅದು ಹೇಳುವುದಿಲ್ಲ.

ಪದಕ್ಕೆ ಇನ್ನೊಂದು ಬಳಕೆ ಉಳಿದಿದೆ. ಥಾಯ್ಲೆಂಡಿನ ಈಶಾನ್ಯಕ್ಕೆ, ಸುರಿನ್ ಪ್ರಾಂತ್ಯದ ಸುತ್ತ, ಆನೆ ಹಿಡಿದು ಪಳಗಿಸುವುದಕ್ಕೆ ಹೆಸರಾದ ಒಂದು ಜನಾಂಗ ಇದೆ. ಹಿಂದೆ ಇವರೂ ಕಾಡಿನ ಸರಕು ಹೊತ್ತು ರಾಜನಿಗೆ ಸಲ್ಲಿಸುತ್ತಿದ್ದರು. ಅದಕ್ಕೇ ಥಾಯ್ ಜನ ಅವರನ್ನು ‘ಸುವಯ್’ ಎಂದು ಕರೆಯತೊಡಗಿದರು ಅನ್ನುತ್ತಾರೆ. ಬಿಟ್ಟಿ ಹೋಗಿ ನೂರು ವರ್ಷ ದಾಟಿದರೂ ಆ ಹೆಸರು ಪೂರ್ತಿ ಬಿಟ್ಟುಹೋಗಿಲ್ಲ. ಅವರು ಮಾತ್ರ ತಮ್ಮನ್ನು ‘ಕುಯ್’ ಎಂದು ಕರೆದುಕೊಳ್ಳುತ್ತಾರೆ. ಅವರ ಭಾಷೆಯಲ್ಲಿ ಹಾಗೆಂದರೆ ಮನುಷ್ಯ.